ಪ್ರಶ್ನೋತ್ತರ: ನಾಳಿನ ಕಡಲಮಟ್ಟವನ್ನು ಲೆಕ್ಕ ಹಾಕುವ ತಂತ್ರಾಂಶಗಳು

ಕಡಲು ಎಷ್ಟು ಏರಲಿದೆ ಎಂಬ ಲೆಕ್ಕದ ತಂತ್ರಾಂಶ, ದತ್ತಾಂಶ ಎಲ್ಲವೂ ಈಗ ಉಚಿತವಾಗಿ ಸಿಗುತ್ತಿವೆ. ಅವುಗಳ ಬಳಕೆ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಈ ಶತಮಾನದ ಕೊನೆಗೆ ಮಂಗಳೂರು 1.87 ಅಡಿ, ಕೊಚ್ಚಿ 2.32 ಅಡಿ ನೀರಿನಡಿ ಹೋಗಲಿದೆ ಎಂದು 2021ರ ಆಗಸ್ಟ್‌ನಲ್ಲಿ ಸುದ್ದಿ ಬಂದಿತ್ತು. ಈ ಅಂಕಿ ಎಲ್ಲಿಯದು? ತರಗತಿಯಲ್ಲಿ ಮಕ್ಕಳಿಗೆ ತೆಗೆದು ತೋರಿಸಬಹುದೇ? (ಮಂಗಳೂರಿನ ಉಪನ್ಯಾಸಕಿ)

ಧಾರಾಳವಾಗಿ ತೋರಿಸಬಹುದು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿಯ ಲೆಕ್ಕವನ್ನು ನಾಸಾ ಒಂದು ಜಾಲತಾಣದಲ್ಲಿ ಭೂಪಟದ ಮೇಲೆ ಇಟ್ಟಿದೆ. ಅದರ ಹೆಸರು ಸೀ ಲೆವೆಲ್ ಪ್ರೊಜೆಕ್ಷನ್ ಟೂಲ್. ಸುದ್ದಿಯ ಅಂಕಿಗಳು ಅಲ್ಲಿಂದಲೇ ಬಂದವು. ಭೂಪಟದಲ್ಲಿ ಪಣಂಬೂರಿನ (ಮಂಗಳೂರಿನ ಬಂದರು) ಚುಕ್ಕೆಯನ್ನು ಒತ್ತಿ. ಆಮೇಲೆ ಸನ್ನಿವೇಶವನ್ನು, ಅಂದರೆ ಎಸ್‌ಎಸ್‌ಪಿ 1-1.9ರಿಂದ 5-8.5ರವರೆಗಿನ ಹೊರಸೂಸುವಿಕೆಯ ದಾರಿಗಳಲ್ಲಿ ಒಂದನ್ನು ಆರಿಸಿ. ದಶಕಕ್ಕೊಂದು ಅಂಕಿಯಂತೆ 2150ರವರೆಗೆ ಗೆರೆ ಮೂಡುತ್ತದೆ. ಒಟ್ಟು ಏರಿಕೆಯನ್ನು ಬಿಡಿಸಿ, ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್, ಪರ್ವತಗಳ ಹಿಮನದಿ, ಕಡಲ ನೀರಿನ ಉಷ್ಣ ಹಿಗ್ಗುವಿಕೆ ಮತ್ತು ಪ್ರವಾಹ, ನೆಲದ ಮೇಲಿನ ನೀರಿನ ಸಂಗ್ರಹ, ನೆಲದ ಏರಿಳಿತ ಎಂದು ಬೇರೆಬೇರೆಯಾಗಿ ನೋಡುವ ಅವಕಾಶವೂ ಇದೆ. ಮಕ್ಕಳಿಗೆ ಮೊದಲು ಇದನ್ನೇ ತೋರಿಸಿ. ಕಡಲು ಏಕೆ ಏರುತ್ತದೆ ಎಂಬುದು ಒಂದೇ ಪರದೆಯಲ್ಲಿ ಅರ್ಥವಾಗುತ್ತದೆ.

ಇನ್ನು ಸುದ್ದಿಯ ಮಾತು. 1.87 ಅಡಿ ಎಂದರೆ 57 ಸೆಂ.ಮೀ. ಅದು ಊರಿನ ಮೇಲೆ ನಿಲ್ಲುವ ನೀರಿನ ಆಳವಲ್ಲ. 1995ರಿಂದ 2014ರವರೆಗಿನ ಸರಾಸರಿ ಕಡಲಮಟ್ಟ ಪಣಂಬೂರಿನಲ್ಲಿ ಎಷ್ಟಿತ್ತೋ ಅದಕ್ಕಿಂತ ಆಗುವ ಏರಿಕೆ. ಕಡಲಿನಿಂದ ಐದು ಮೀಟರ್ ಎತ್ತರದಲ್ಲಿರುವ ಬೀದಿಗೆ ಅದರಿಂದ ನೀರು ಬರುವುದಿಲ್ಲ, ಅಳಿವೆಯಂಚಿನ ತಗ್ಗಿಗೆ ಖಂಡಿತ ಬರುತ್ತದೆ. ಇಂಥ ಅಂಕಿಯನ್ನು ಹೇಳುವಾಗ ಆಧಾರ ಅವಧಿ, ಸನ್ನಿವೇಶ, ಅಂದಾಜಿನ ಕೆಳ-ಮೇಲು ಮಿತಿ ಈ ಮೂರನ್ನೂ ಜೊತೆಗೇ ಹೇಳಬೇಕು. ಜಾಗತಿಕ ಸರಾಸರಿಯನ್ನೇ ನೋಡಿ: 2100ಕ್ಕೆ ಎಸ್‌ಎಸ್‌ಪಿ 1-2.6ರಲ್ಲಿ 0.32ರಿಂದ 0.62 ಮೀಟರ್, 2-4.5ರಲ್ಲಿ 0.44ರಿಂದ 0.76, 5-8.5ರಲ್ಲಿ 0.63ರಿಂದ 1.01. ಆದರೆ 2050ಕ್ಕೆ ಅತಿ ಕಡಿಮೆ ಹೊರಸೂಸುವಿಕೆಯಲ್ಲಿ 0.15-0.23, ಅತಿ ಹೆಚ್ಚಿನದರಲ್ಲಿ 0.20-0.29. ಮುಂದಿನ ಇಪ್ಪತ್ತೈದು ವರ್ಷದ ಯೋಜನೆಗೆ ಯಾವ ಸನ್ನಿವೇಶ ಹಿಡಿದರೂ ಅಷ್ಟೇನೂ ವ್ಯತ್ಯಾಸವಿಲ್ಲ. ಶತಮಾನದ ಕೊನೆಯವರೆಗೆ ಬಾಳಬೇಕಾದ ಕಟ್ಟಡಕ್ಕೆ ಮಾತ್ರ ಸನ್ನಿವೇಶದ ಆಯ್ಕೆಯೇ ನಿರ್ಣಾಯಕ.

ಪ್ರಶ್ನೆ: ಒಂದೇ ಪಶ್ಚಿಮ ಕರಾವಳಿ, ಒಂದೇ ಅರಬ್ಬೀ ಸಮುದ್ರ. ಮಂಗಳೂರಿಗೂ ಕೊಚ್ಚಿಗೂ ಅರ್ಧ ಅಡಿಯ ಅಂತರ ಹೇಗೆ? ಕೋಲ್ಕತ್ತದ ಖಿದಿರ್‌ಪುರಕ್ಕೆ ಬರೀ 0.49 ಅಡಿ ಎಂದಿತ್ತಲ್ಲ? (ಉಡುಪಿಯ ಓದುಗರು)

ನಿಮ್ಮ ಸಂಶಯ ಸರಿಯಾದ ಜಾಗವನ್ನೇ ಮುಟ್ಟಿದೆ. ಧ್ರುವದ ಹಿಮ ಕರಗಿದ್ದರ ಪಾಲಾಗಲಿ, ನೀರು ಹಿಗ್ಗಿದ್ದರ ಪಾಲಾಗಲಿ, ಸುಮಾರು 350 ಕಿ.ಮೀ. ಅಂತರದ ಈ ಎರಡು ಬಂದರುಗಳಿಗೆ ಹೆಚ್ಚುಕಡಿಮೆ ಒಂದೇ. ಅಂತರ ಬರುವುದು 'ನೆಲದ ಏರಿಳಿತ' ಎಂಬ ಕಾಲಮ್ಮಿನಿಂದ. 0.45 ಅಡಿ ಎಂದರೆ 13.7 ಸೆಂ.ಮೀ.; 2005ರಿಂದ 2100ರವರೆಗಿನ 95 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.4 ಮಿ.ಮೀ. ಅಷ್ಟು ಚಿಕ್ಕ ದರವೇ ಶತಮಾನದ ಕೊನೆಗೆ ಇಷ್ಟು ದೊಡ್ಡದಾಗಿ ಕಾಣುತ್ತದೆ.

ಈ ಕಾಲಮ್ಮು ಉಪಗ್ರಹದಿಂದ ನೆಲವನ್ನು ಅಳೆದು ಬಂದದ್ದಲ್ಲ. ಬಂದರುಗಳ ಉಬ್ಬರಮಾಪಕಗಳ ಹಳೆಯ ದಾಖಲೆಯಿಂದ ಜಾಗತಿಕ ಏರಿಕೆಯನ್ನು ಕಳೆದು, ಉಳಿದ ದೀರ್ಘಕಾಲದ ಸ್ಥಿರ ದರವನ್ನು ಸಂಖ್ಯಾಶಾಸ್ತ್ರದ ಮಾದರಿಯಿಂದ ಹೆಕ್ಕಿದ್ದು. ಹಾಗಾಗಿ ಆ ದರದೊಳಗೆ ನಿಜವಾದ ಕುಸಿತ, ಹೂಳು ಅಮುಕಿಕೊಳ್ಳುವುದು, ಅಂತರ್ಜಲ ತೆಗೆದದ್ದರ ಪರಿಣಾಮ ಎಲ್ಲವೂ ಇರಬಹುದು. ಮಾಪಕವನ್ನು ಸ್ಥಳಾಂತರಿಸಿದಾಗ ಉಳಿದ ತಪ್ಪು, ದಾಖಲೆಯ ನಡುವಿನ ಖಾಲಿ ವರ್ಷಗಳೂ ಅದರಲ್ಲೇ ಸೇರಿಕೊಳ್ಳಬಹುದು. ಖಿದಿರ್‌ಪುರವಂತೂ ಹೂಗ್ಲಿ ನದಿಯ ಮೇಲಿನ ಡಾಕ್. ಅಲ್ಲಿನ ಮಾಪಕ ನದಿಯ ನಡವಳಿಕೆಯನ್ನೂ ದಾಖಲಿಸುತ್ತದೆ. ಆ 0.49 ಅಡಿಯನ್ನು ಕೋಲ್ಕತ್ತಕ್ಕೆ ನೆಮ್ಮದಿಯ ಸುದ್ದಿ ಎಂದು ಓದುವುದು ತಪ್ಪು.

ಪರಿಹಾರವೂ ಇದೆ. ಇದೇ ಲೆಕ್ಕದ ಪೂರ್ಣ ದತ್ತಾಂಶ ಝೆನೋಡೊ ಎಂಬ ಭಂಡಾರದಲ್ಲಿದ್ದು, ನೆಲದ ಏರಿಳಿತವನ್ನು ಬಿಟ್ಟು ಮಾಡಿದ ಆವೃತ್ತಿಯೂ ಅಲ್ಲಿ ಸಿಗುತ್ತದೆ. ಅದನ್ನು ಇಳಿಸಿಕೊಂಡು, ನಿಮ್ಮೂರಿನ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ಸ್ಥಾನಮಾಪನ) ಕೇಂದ್ರ ಅಥವಾ ಇನ್‌ಸಾರ್ (ಉಪಗ್ರಹ ರೇಡಾರಿನಿಂದ ನೆಲದ ಚಲನೆ ಅಳೆಯುವ) ಅಧ್ಯಯನ ಕೊಟ್ಟ ಕುಸಿತದ ದರವನ್ನು (ಮಿ.ಮೀ./ವರ್ಷ) 2005ರಿಂದ ಎಣಿಸಿದ ವರ್ಷಗಳಿಂದ ಗುಣಿಸಿ ಸೇರಿಸಿ. ನೆಲ ಇಳಿಯುತ್ತಿದ್ದರೆ ಕೂಡಬೇಕು, ಏಳುತ್ತಿದ್ದರೆ ಕಳೆಯಬೇಕು. ಚಿಹ್ನೆ ತಿರುಗಿಸಿಬಿಡುವುದು ಇಲ್ಲಿ ತೀರಾ ಸಾಮಾನ್ಯವಾದ ತಪ್ಪು.

ಪ್ರಶ್ನೆ: 2021ರ ಆ ಪಟ್ಟಿಯಲ್ಲಿ ಕಾರವಾರವೇ ಇರಲಿಲ್ಲ. ನಾವು ಯಾವ ಅಂಕಿ ಹಿಡಿಯಬೇಕು? (ಕಾರವಾರದ ಓದುಗರು)

ನಾಸಾದ ಭೂಪಟದಲ್ಲಿ ಬಂದರುಗಳ ಚುಕ್ಕೆಗಳಲ್ಲದೆ ಒಂದು ಡಿಗ್ರಿ ಅಂತರದ ಚೌಕಜಾಲದ ಬಿಂದುಗಳೂ ಇವೆ. ಕಾರವಾರದ ಮುಂದಿನ ಕಡಲ ಬಿಂದುವನ್ನು ತೆಗೆದುಕೊಂಡು, ಮರ್ಮಗೋವಾ ಮತ್ತು ಮಂಗಳೂರಿನ ಅಂಕಿಗಳ ಜೊತೆ ಹೋಲಿಸಿ. ಒಂದು ಡಿಗ್ರಿ ಎಂದರೆ ಸುಮಾರು 110 ಕಿ.ಮೀ.; ಕಾಳಿ ನದಿಯ ಅಳಿವೆ ಈ ಜಾಲಕ್ಕೆ ಕಾಣುವುದೇ ಇಲ್ಲ, ಅದನ್ನು ನೆನಪಿಡಿ.

ಪ್ರಶ್ನೆ: ಜಾಲತಾಣದ ಅಂಕಿ ಸಾಲದು, ಐಪಿಸಿಸಿ ಬಳಸಿದ 'ಫ್ಯಾಕ್ಟ್ಸ್' ತಂತ್ರಾಂಶವನ್ನೇ ಓಡಿಸಬೇಕೆಂದಿದ್ದೇನೆ. ಎರಡು ಬಾರಿ ಅರ್ಧದಲ್ಲೇ ನಿಂತಿತು. ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸವೇ? (ಸುರತ್ಕಲ್‌ನ ಎಂ.ಟೆಕ್. ವಿದ್ಯಾರ್ಥಿ)

ಒಂದೆರಡು ಊರಿಗಾದರೆ ಲ್ಯಾಪ್‌ಟಾಪ್ ಸಾಕು. ಫ್ಯಾಕ್ಟ್ಸ್ ಒಂದೇ ಮಾದರಿಯಲ್ಲ. ಹಲವು ಮಾದರಿಗಳನ್ನು ಜೋಡಿಸುವ ಪೈಥಾನ್ ಚೌಕಟ್ಟು. 'ಫೇರ್' ಎಂಬ ಸರಳ ಹವಾಮಾನ ಮಾದರಿ ಮೊದಲು ಭೂಮಿಯ ತಾಪಮಾನದ ಸಾವಿರಾರು ಸಂಭವನೀಯ ದಾರಿಗಳನ್ನು ಕೊಡುತ್ತದೆ. ಆ ದಾರಿಗಳನ್ನು ಹಿಡಿದು ಗ್ರೀನ್‌ಲ್ಯಾಂಡಿಗೊಂದು, ಅಂಟಾರ್ಕ್ಟಿಕಾಕ್ಕೊಂದು, ಹಿಮನದಿಗೊಂದು, ಕಡಲ ಹಿಗ್ಗುವಿಕೆಗೊಂದು ಹೀಗೆ ಬೇರೆಬೇರೆ ಘಟಕಗಳು ಓಡುತ್ತವೆ. ಪ್ರತಿ ಘಟಕಕ್ಕೂ ನಾಲ್ಕು ಹಂತ: ದತ್ತಾಂಶ ಸಿದ್ಧತೆ, ಹೊಂದಿಸುವಿಕೆ, ಜಾಗತಿಕ ಮುನ್ನಂದಾಜು, ಕೊನೆಗೆ ಆ ಜಾಗತಿಕ ಅಂಕಿಯನ್ನು ನಿಮ್ಮ ಊರಿಗೆ ಇಳಿಸುವುದು. ನಾಲ್ಕನೇ ಹಂತದಲ್ಲಿ ಗುರುತ್ವದ ಲೆಕ್ಕವೂ ಸೇರಿದೆ. ಗ್ರೀನ್‌ಲ್ಯಾಂಡ್ ಕರಗಿದರೆ ಅದರ ಸುತ್ತಲಿನ ಕಡಲು ಇಳಿದು, ದೂರದ ನಮ್ಮಂಥ ತೀರಗಳಲ್ಲಿ ಏರುತ್ತದೆ. ಅದಕ್ಕೇ ಜಾಗತಿಕ ಸರಾಸರಿಯನ್ನು ನೇರವಾಗಿ ಊರಿಗೆ ಹಚ್ಚುವಂತಿಲ್ಲ.

ಅರ್ಧದಲ್ಲಿ ನಿಲ್ಲುವುದಕ್ಕೆ ಸಾಮಾನ್ಯ ಕಾರಣಗಳಿವು. ಗಿಟ್‌ಹಬ್‌ನಿಂದ ಇಳಿಸಿದ ಕಡತಕೋಶದಲ್ಲಿ ಇರುವುದು ಕೋಡ್ ಮಾತ್ರ. ಪ್ರತಿ ಘಟಕದ ದತ್ತಾಂಶವನ್ನು ಝೆನೋಡೊದಿಂದ ಬೇರೆಯಾಗಿ ತಂದು, ಅದಕ್ಕೆಂದೇ ಇರುವ ದತ್ತಾಂಶದ ಫೋಲ್ಡರಿನಲ್ಲಿ ಇಡಬೇಕು. ಇಡದಿದ್ದರೆ ಮೊದಲ ಹಂತದಲ್ಲೇ ಕೈಕೊಡುತ್ತದೆ. ವಿಂಡೋಸ್‌ನಲ್ಲಿ ನೇರವಾಗಿ ಓಡಿಸಲು ಹೋಗಬೇಡಿ, ಡಾಕರ್ ಅಥವಾ ವಿಂಡೋಸ್‌ನೊಳಗಿನ ಲಿನಕ್ಸ್ ಬಳಸಿ. ಹಿಮಹಾಳೆಗಳ ಎಮುಲ್ಯಾಂಡೈಸ್ ಘಟಕ ಆರ್ ಭಾಷೆಯದು. ಆರ್ ಇಲ್ಲದ ಗಣಕದಲ್ಲಿ ಅದೊಂದೇ ಸೋತು ಒಟ್ಟು ಲೆಕ್ಕ ನಿಲ್ಲುತ್ತದೆ. ಪ್ರಯೋಗದ ವಿವರ ಬರೆಯುವ ವೈಎಎಂಎಲ್ ಕಡತದಲ್ಲಿ ಟ್ಯಾಬ್ ಒತ್ತಬಾರದು, ಸ್ಪೇಸ್ ಮಾತ್ರ. ಸ್ಥಳಗಳ ಪಟ್ಟಿಯ ಕಡತದಲ್ಲಿ ಇದು ತಿರುಗಮುರುಗ: ಹೆಸರು, ಗುರುತಿನ ಸಂಖ್ಯೆ, ಅಕ್ಷಾಂಶ, ರೇಖಾಂಶ ಈ ನಾಲ್ಕರ ನಡುವೆ ಟ್ಯಾಬೇ ಇರಬೇಕು, ಹೆಸರಿನೊಳಗೆ ಸ್ಪೇಸ್ ಇರದಿದ್ದರೆ ಒಳ್ಳೆಯದು. ಪಣಂಬೂರಿಗೆ 12.92, 74.80 ಎಂದು ಬರೆಯಿರಿ.

ಓಡಿಸುವ ಕ್ರಮ ಹೀಗಿರಲಿ. ಮೊದಲು ತಂತ್ರಾಂಶದ ಜೊತೆಗೇ ಬರುವ 'ಡಮ್ಮಿ' ಪ್ರಯೋಗವನ್ನು ಓಡಿಸಿ. ಅದು ಮುಗಿದರೆ ಪೈಥಾನ್ ಜೋಡಣೆ ಸರಿಯಾಗಿದೆ ಎಂದರ್ಥ. ಆಮೇಲೆ ಒಂದೇ ಘಟಕದ ಪ್ರಯೋಗ, ಕೊನೆಗೆ ಪೂರ್ಣ ಜೋಡಣೆ. ಸಮಾಂತರ ಗಣಕಗಳನ್ನು ನಿಭಾಯಿಸುವ ಪದರ ತೊಂದರೆ ಕೊಟ್ಟರೆ, ಪ್ರಯೋಗವನ್ನು ಸಾದಾ ಶೆಲ್ ಸ್ಕ್ರಿಪ್ಟ್ ಆಗಿ ಬರೆಸಿಕೊಳ್ಳುವ ಆಯ್ಕೆ ಇದೆ. ಆಗ ಯಾವ ಸಾಲಿನಲ್ಲಿ ತಪ್ಪಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಕಲಿಯುವ ಹಂತದಲ್ಲಿ ಇದನ್ನೇ ಬಳಸಿ ಎಂಬುದು ನಮ್ಮ ಸಲಹೆ. ಸ್ಯಾಂಪಲ್‌ಗಳ, ಅಂದರೆ ಲೆಕ್ಕ ಹಾಕುವ ಸಂಭವನೀಯ ದಾರಿಗಳ, ಸಂಖ್ಯೆಯನ್ನು ಮೊದಲು 100 ಇಟ್ಟು ನೋಡಿ, ಸರಿಯಾದ ಮೇಲೆ 20,000ಕ್ಕೆ ಏರಿಸಿ. 20,000 ಸ್ಯಾಂಪಲ್, 14 ದಶಕ, 1,000 ಸ್ಥಳ ಎಂದರೆ 28 ಕೋಟಿ ಸಂಖ್ಯೆಗಳು. ತಲಾ ನಾಲ್ಕು ಬೈಟ್‌ನಂತೆ ಒಂದೊಂದು ಘಟಕಕ್ಕೂ ಒಂದು ಜಿಬಿಗಿಂತ ಹೆಚ್ಚು. ಇಡೀ ಲೋಕದ ಪಟ್ಟಿಯನ್ನು ಹಾಕಿದ್ದರಿಂದಲೇ ನಿಮ್ಮ ಮೆಮೊರಿ ತುಂಬಿ ನಿಂತಿರಬಹುದು. ಪಟ್ಟಿಯಲ್ಲಿ ಬೇಕಾದ ಎರಡು ಸಾಲು ಉಳಿಸಿ, ಉಳಿದದ್ದನ್ನು ಅಳಿಸಿ.

ಫಲಿತಾಂಶ ನೆಟ್‌ಸಿಡಿಎಫ್ ಕಡತದಲ್ಲಿ, ಮಿಲಿಮೀಟರಿನಲ್ಲಿ ಬರುತ್ತದೆ. ಎಕ್ಸ್‌ಅರೇ ಎಂಬ ಪೈಥಾನ್ ಉಪಕರಣ ಬಳಸಿ ಓದುವುದು ಸುಲಭ. ಝೆನೋಡೊದ ಸಿದ್ಧ ಕಡತಗಳನ್ನು ಬೇರೆ ವಿಧಾನದಿಂದ ಓದುವವರು ಮೈನಸ್ 32768 ಎಂಬ ಅಂಕಿ ಕಂಡರೆ ಗಾಬರಿಯಾಗಬೇಡಿ, ಅದು 'ಇಲ್ಲಿ ದತ್ತಾಂಶವಿಲ್ಲ' ಎಂಬ ಗುರುತು.

ಪ್ರಶ್ನೆ: ಘಟಕಗಳ ನಡುಮೌಲ್ಯಗಳನ್ನು (ಮೀಡಿಯನ್) ಕೂಡಿದರೆ ಒಟ್ಟಿನ ನಡುಮೌಲ್ಯ ಬರುವುದಿಲ್ಲ. ತಂತ್ರಾಂಶದ ದೋಷವೇ? (ಬೆಂಗಳೂರಿನ ಓದುಗರು)

ಅಲ್ಲ. ಹಿಮಹಾಳೆಯಂಥ ಘಟಕಗಳ ಹರಡಿಕೆ ಮೇಲ್ಮುಖವಾಗಿ ಬಾಲ ಚಾಚಿರುತ್ತದೆ, ಅಂಥವುಗಳ ನಡುಮೌಲ್ಯಗಳು ಕೂಡಿ ಬರುವುದಿಲ್ಲ. 83ನೇ ಶತಾಂಶಗಳನ್ನು (ನೂರರಲ್ಲಿ 83 ಅಂದಾಜುಗಳು ಅದಕ್ಕಿಂತ ಕೆಳಗಿರುವ ಮೌಲ್ಯ) ಕೂಡಿದರೆ ತಪ್ಪು ಇನ್ನೂ ದೊಡ್ಡದು: ಎಲ್ಲ ಘಟಕಗಳೂ ಒಟ್ಟಿಗೇ ಮೇಲಿನ ಮಿತಿಯಲ್ಲಿವೆ ಎಂದು ಒಪ್ಪಿದಂತಾಗುತ್ತದೆ. ಕೂಡಬೇಕಾದದ್ದು ಸ್ಯಾಂಪಲ್‌ಗೆ ಸ್ಯಾಂಪಲನ್ನು. ಒಂದನೇ ಸ್ಯಾಂಪಲ್‌ನ ಗ್ರೀನ್‌ಲ್ಯಾಂಡ್, ಒಂದನೇ ಸ್ಯಾಂಪಲ್‌ನ ಹಿಮನದಿ, ಒಂದನೇ ಸ್ಯಾಂಪಲ್‌ನ ಹಿಗ್ಗುವಿಕೆ ಮೂರೂ ಒಂದೇ ತಾಪಮಾನದ ದಾರಿಯಿಂದ ಹುಟ್ಟಿದವು. ಹೀಗೆ 20,000 ಮೊತ್ತಗಳನ್ನು ಪಡೆದು, ಆಮೇಲೆ ಶತಾಂಶ ತೆಗೆಯಬೇಕು. ಘಟಕಗಳನ್ನು ಬೇರೆಬೇರೆ ಹವಾಮಾನ ಓಟಗಳಿಂದ ತಂದು ಜೋಡಿಸಿದರೆ ಈ ನಂಟು ಕಡಿದು, ಅನಿಶ್ಚಿತತೆ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ. ಕಿರಿದಾದ ಅನಿಶ್ಚಿತತೆ ನೋಡುವುದಕ್ಕೆ ಚೆನ್ನ, ಆದರೆ ಅಪಾಯಕಾರಿ.

ಪ್ರಶ್ನೆ: ಎರಡು ಮೀಟರ್ ಏರಿಕೆಯ ಮಾತೂ ಕೇಳಿಬರುತ್ತದೆ. ಅದು ಯಾವ ಲೆಕ್ಕ? (ಕುಂದಾಪುರದ ಓದುಗರು)

ಫ್ಯಾಕ್ಟ್ಸ್‌ನಲ್ಲಿ ಅಂಟಾರ್ಕ್ಟಿಕಾಕ್ಕೆ ಒಂದಕ್ಕಿಂತ ಹೆಚ್ಚು ಘಟಕಗಳಿವೆ. ಎತ್ತರದ ಹಿಮದ ಗೋಡೆಗಳು ತಮ್ಮ ಭಾರಕ್ಕೇ ಮುರಿದು ಬೀಳುತ್ತ ಹೋಗಬಹುದು ಎಂಬ ಪ್ರಕ್ರಿಯೆಯನ್ನು ಸೇರಿಸಿದ ಮಾದರಿ ಒಂದು, ತಜ್ಞರ ಅಭಿಪ್ರಾಯಗಳನ್ನು ಕ್ರಮಬದ್ಧವಾಗಿ ಕಲೆಹಾಕಿದ್ದು ಇನ್ನೊಂದು. ಇವನ್ನು ಸೇರಿಸಿದ ಲೆಕ್ಕಕ್ಕೆ ಐಪಿಸಿಸಿ 'ಕಡಿಮೆ ವಿಶ್ವಾಸ' ಎಂಬ ಹಣೆಪಟ್ಟಿ ಹಚ್ಚಿದೆ; ಅತಿ ಹೆಚ್ಚಿನ ಹೊರಸೂಸುವಿಕೆಯಲ್ಲಿ 2100ರ ಹೊತ್ತಿಗೆ ಎರಡು ಮೀಟರಿನ ಸಮೀಪಕ್ಕೆ ಹೋಗುವುದನ್ನು ತಳ್ಳಿಹಾಕಲಾಗದು ಎಂದಿದೆ. ಕಡಿಮೆ ವಿಶ್ವಾಸ ಎಂದರೆ 'ಆಗುವುದಿಲ್ಲ' ಎಂದಲ್ಲ. ಮನೆ ಜಗುಲಿ ಎತ್ತರಿಸಲು ಇದು ಬೇಡ. ಬಂದರು, ವಿದ್ಯುತ್ ಸ್ಥಾವರ, ತ್ಯಾಜ್ಯದ ಗುಂಡಿಯಂಥ ಒಮ್ಮೆ ಕಟ್ಟಿದರೆ ಕದಲಿಸಲಾಗದ ಕೆಲಸಕ್ಕೆ ಈ ಲೆಕ್ಕವನ್ನೂ ಹಾಕಿ ನೋಡಲೇಬೇಕು.

ಪ್ರಶ್ನೆ: ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಮುಳುಗಡೆಯ ನಕ್ಷೆ ಮಾಡಿದೆ. ಇಸ್ರೋದ ಭುವನ್ ಜಾಲತಾಣದಿಂದ ತಂದ ಎತ್ತರದ ದತ್ತಾಂಶದಲ್ಲಿ ಇಡೀ ಊರು ಕಡಲಿಗಿಂತ ಎಂಬತ್ತು ಮೀಟರಿಗೂ ಕೆಳಗಿದೆ! ಬೇರೆ ದತ್ತಾಂಶ ಹಾಕಿದರೆ ಒಂದು ಮನೆಯೂ ಮುಳುಗುವುದಿಲ್ಲ. (ಉಳ್ಳಾಲದ ಓದುಗರು)

ಎರಡೂ ತಪ್ಪು, ಎರಡಕ್ಕೂ ಕಾರಣ ಬೇರೆ. ಭುವನ್‌ನ ಕಾರ್ಟೊಡೆಮ್ ಕೊಡುವುದು ಡಬ್ಲ್ಯೂಜಿಎಸ್ 84 ಎಂಬ ಗಣಿತದ ದೀರ್ಘಗೋಳದಿಂದ ಅಳೆದ ಎತ್ತರ, ಕಡಲಮಟ್ಟದಿಂದ ಅಲ್ಲ. ಹಿಂದೂ ಮಹಾಸಾಗರದ ಈ ಭಾಗದಲ್ಲಿ ಗುರುತ್ವ ಕಡಿಮೆ. ಕಡಲ ಮೈ ಆ ದೀರ್ಘಗೋಳಕ್ಕಿಂತ ಬಹಳ ಕೆಳಗಿದೆ. ದಕ್ಷಿಣಕ್ಕೆ ಹೋದಂತೆ ಇದು ನೂರು ಮೀಟರನ್ನೂ ದಾಟುತ್ತದೆ. ಗುರುತ್ವದ ಪ್ರಕಾರ ಕಡಲ ಮೈ ಎಲ್ಲಿರಬೇಕೆಂದು ಹೇಳುವ ಇಜಿಎಂ 2008 ಜಿಯಾಯ್ಡ್ ಕಡತವನ್ನು ತಂದು, ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ ದೀರ್ಘಗೋಳದ ಎತ್ತರದಿಂದ ಜಿಯಾಯ್ಡ್ ಎತ್ತರವನ್ನು ಕಳೆಯಿರಿ. ಜಿಯಾಯ್ಡ್ ಅಂಕಿ ಋಣವಾದ್ದರಿಂದ ಕಳೆದಾಗ ನೆಲ ಮೇಲೆದ್ದು ಬರುತ್ತದೆ. ಆರ್‌ಟಿಕೆ (ನಿಖರ ಉಪಗ್ರಹ ಸ್ಥಾನಮಾಪನದ) ಡ್ರೋನ್ ಸರ್ವೆ ಮಾಡಿಸಿದವರೂ ಇದನ್ನು ಪರಿಶೀಲಿಸಬೇಕು.

ಇನ್ನೊಂದು ದತ್ತಾಂಶ ಬಹುಶಃ 2000ದ ಎಸ್‌ಆರ್‌ಟಿಎಂ. ಅದರ ರೇಡಾರ್ ನೆಲವನ್ನಲ್ಲ, ತೆಂಗಿನ ತಲೆ, ಮನೆಯ ಮಾಡುಗಳನ್ನೂ ಸೇರಿಸಿ ಅಳೆದಿದೆ. ಅಮೆರಿಕದ ತಗ್ಗು ತೀರದಲ್ಲಿ ಪರೀಕ್ಷಿಸಿದಾಗ ಸರಾಸರಿ ಮೂರೂವರೆ ಮೀಟರಿಗೂ ಹೆಚ್ಚು ಎತ್ತರ ತೋರಿಸಿತ್ತು. ಜೊತೆಗೆ ಅದರ ಎತ್ತರಗಳು ಪೂರ್ಣಾಂಕ ಮೀಟರುಗಳು, 57 ಸೆಂ.ಮೀ. ಏರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕೋಪರ್ನಿಕಸ್ ದತ್ತಾಂಶದಿಂದ ಮರ-ಕಟ್ಟಡಗಳನ್ನು ಕಳೆದ ಫ್ಯಾಬ್‌ಡೆಮ್, ಹತ್ತು ಮೀಟರಿಗಿಂತ ತಗ್ಗಿನ ತೀರಕ್ಕೆಂದೇ ತಿದ್ದಿದ ಡೆಲ್ಟಾಡಿಟಿಎಂ ಎರಡೂ ಇದಕ್ಕಿಂತ ಎಷ್ಟೋ ಮೇಲು.

ನಕ್ಷೆ ಮಾಡುವ ಕ್ರಮ: ದತ್ತಾಂಶವನ್ನು ಯುಟಿಎಂ 43 ಉತ್ತರ ವಲಯಕ್ಕೆ ತನ್ನಿ. ಕಡಲಿನ ಭಾಗ ಖಾಲಿ ಇದ್ದರೆ ಸೊನ್ನೆ ತುಂಬಿ. ನೀರಿನ ಮಟ್ಟ ಎಂದು ಬರೀ 0.57 ಹಾಕಬೇಡಿ, ಮೇಲೆ ಉಬ್ಬರವಿದೆ. ನವಮಂಗಳೂರು ಬಂದರಿನಲ್ಲಿ ದೊಡ್ಡ ಉಬ್ಬರದ ಸರಾಸರಿ ಚಾರ್ಟ್ ಡೇಟಮ್‌ನಿಂದ (ನೌಕಾ ನಕ್ಷೆಗಳ ಸೊನ್ನೆ ಮಟ್ಟ) ಸುಮಾರು ಒಂದೂವರೆ ಮೀಟರ್, ಸರಾಸರಿ ಕಡಲಮಟ್ಟ ಸುಮಾರು 0.95. ಅಂದರೆ ಉಬ್ಬರಕ್ಕೆ ಅರ್ಧ ಮೀಟರಿಗಿಂತ ತುಸು ಹೆಚ್ಚು, ಒಟ್ಟು 1.1 ಮೀಟರ್. ಈಗ 'ಇಷ್ಟಕ್ಕಿಂತ ತಗ್ಗು' ಎಂದು ಬಣ್ಣ ಹಚ್ಚಿದರೆ ಕಡಲಿಗೆ ದಾರಿಯೇ ಇಲ್ಲದ ಒಳನಾಡಿನ ಗುಂಡಿಗಳೂ ಮುಳುಗಿದಂತೆ ಕಾಣುತ್ತವೆ. ಅದಕ್ಕೆ ಗ್ರಾಸ್ ಎಂಬ ನಕ್ಷೆ ತಂತ್ರಾಂಶದ ಆರ್-ಲೇಕ್ ಉಪಕರಣ ಬಳಸಿ: ನೀರಿನ ಮಟ್ಟವನ್ನೂ ಕಡಲೊಳಗಿನ ಒಂದು ಬಿಂದುವನ್ನೂ ಕೊಟ್ಟರೆ, ಆ ಬಿಂದುವಿನಿಂದ ನೀರು ಹರಿದು ತಲುಪಬಲ್ಲ ಜಾಗವನ್ನಷ್ಟೇ ಆಳದ ಸಮೇತ ತುಂಬುತ್ತದೆ.

ಡೇಟಮ್ ವಿಷಯದಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ. ಸರ್ವೆ ಆಫ್ ಇಂಡಿಯಾದ ಹಳೆಯ ಬೆಂಚ್‌ಮಾರ್ಕ್‌ಗಳ (ಎತ್ತರ ಗುರುತಿಸಿದ ಕಲ್ಲುಗಳ) 'ಸರಾಸರಿ ಕಡಲಮಟ್ಟ' 1909ರಲ್ಲಿ ಮುಗಿದ ಲೆಕ್ಕ. ಅದಕ್ಕೆ ಆಧಾರವಾದ ಒಂಬತ್ತು ಬಂದರುಗಳಲ್ಲಿ ಕಾರವಾರವೂ ಒಂದು. ಆಮೇಲೆ ಕಡಲು ಏರಿದೆ: ಉತ್ತರ ಹಿಂದೂ ಮಹಾಸಾಗರದಲ್ಲಿ 1874-2004ರ ನಡುವೆ ವರ್ಷಕ್ಕೆ 1.06ರಿಂದ 1.75 ಮಿ.ಮೀ., 1993-2017ರಲ್ಲಿ 3.3 ಮಿ.ಮೀ. ಹಾಗಾಗಿ ಬೆಂಚ್‌ಮಾರ್ಕಿನ ಸೊನ್ನೆಗೂ ಐಪಿಸಿಸಿಯ ಸೊನ್ನೆಗೂ ಹತ್ತು ಸೆಂ.ಮೀ.ಗೂ ಮಿಕ್ಕಿದ ಅಂತರವಿರುವುದು ಸಹಜ. ಅದನ್ನು ಸೇರಿಸದಿದ್ದರೆ ಮುಳುಗಡೆ ಕಡಿಮೆ ಕಾಣುತ್ತದೆ.

ಕೊನೆಗೆ ಕಹಿ ಮಾತೊಂದು. ಎತ್ತರದ ದತ್ತಾಂಶದ ತಪ್ಪು ಅರ್ಧ ಮೀಟರ್ ಇದ್ದರೆ, 95 ಶೇಕಡ ಭರವಸೆಯಿಂದ ತೋರಿಸಬಹುದಾದ ಅತಿ ಚಿಕ್ಕ ಏರಿಕೆ ಆ ತಪ್ಪನ್ನು 1.96ರಿಂದ ಗುಣಿಸಿ ಇಮ್ಮಡಿಸಿದಷ್ಟು, ಅಂದರೆ ಸುಮಾರು ಎರಡು ಮೀಟರ್. 57 ಸೆಂ.ಮೀ. ಏರಿಕೆಯನ್ನು ಮನೆಮನೆಯಾಗಿ ಗುರುತಿಸಲು 15 ಸೆಂ.ಮೀ.ಗಿಂತ ಕಡಿಮೆ ತಪ್ಪಿನ ಲೈಡಾರ್ (ಲೇಸರ್ ಅಳತೆ) ಅಥವಾ ನೆಲದ ಸರ್ವೆ ಬೇಕು. ಅದಿಲ್ಲದೆ ಮಾಡಿದ ನಕ್ಷೆಯಲ್ಲಿ 'ಮುಳುಗಬಹುದು', 'ಖಚಿತವಿಲ್ಲ' ಎಂಬ ಎರಡು ಬಣ್ಣ ಇಡಿ. ಸರ್ವೆ ನಂಬರ್ ಹಾಕಿ ಜನರನ್ನು ಹೆದರಿಸುವ ಹಕ್ಕು ಅಂಥ ನಕ್ಷೆಗಿಲ್ಲ.

ಪ್ರಶ್ನೆ: ಅಘನಾಶಿನಿಯ ಗಜನಿ ಗದ್ದೆಗಳ ಒಡ್ಡನ್ನು ಎಷ್ಟು ಎತ್ತರಿಸಬೇಕು ಎಂಬುದು ಚರ್ಚೆಯಲ್ಲಿದೆ. ಈ ತಂತ್ರಾಂಶಗಳಿಂದ ಉತ್ತರ ಸಿಗುತ್ತದೆಯೇ? (ಕುಮಟಾದ ಕೃಷಿಕರು)

ಅರ್ಧ ಉತ್ತರ ಸಿಗುತ್ತದೆ. ಮೊದಲು ಒಂದು ಎಚ್ಚರಿಕೆ: ಕಗ್ಗ ಎಂಬ ಉಪ್ಪುನೀರು ಸಹಿಸುವ ಭತ್ತ ಬೆಳೆಯುವ ಗಜನಿ ಭೂಮಿ ಈಗಲೇ ಉಬ್ಬರದ ಮಟ್ಟಕ್ಕಿಂತ ತಗ್ಗು. 30 ಮೀಟರ್ ಚೌಕದ ದತ್ತಾಂಶಕ್ಕೆ ನಿಮ್ಮ ಒಡ್ಡು ಕಾಣುವುದೇ ಇಲ್ಲ. ಆದ್ದರಿಂದ ಜಾಲತಾಣದ ನಕ್ಷೆಗಳಲ್ಲಿ ಗದ್ದೆಗಳು ಇವತ್ತೇ ಮುಳುಗಿದಂತೆ ಕಂಡರೆ ಅದನ್ನು ಆಧಾರವಾಗಿ ಹಿಡಿಯಬೇಡಿ. ಒಡ್ಡಿನ ನೆತ್ತಿಯನ್ನು, ಜಂತ್ರಡಿ (ತೂಬು) ಬಾಗಿಲಿನ ತಳವನ್ನು ಲೆವೆಲ್ ಯಂತ್ರದಿಂದ ಅಳೆಸಿ.

ಎತ್ತರಿಸಬೇಕಾದದ್ದು ನಡುಮೌಲ್ಯದಷ್ಟಲ್ಲ. ಅಂದಾಜಿನ ಅನಿಶ್ಚಿತತೆಗೂ ಒಂದು ಪಾಲು ಸೇರಿಸಬೇಕು: ಪ್ರಮಾಣ ವಿಚಲನೆಯ (ಅಂದಾಜು ಎಷ್ಟು ಹರಡಿದೆ ಎಂಬುದರ ಅಳತೆ) ವರ್ಗವನ್ನು, ವಿಪರೀತ ಉಬ್ಬರಗಳ ಗಂಬೆಲ್ ಹಂಚಿಕೆಯ (ಅಪರೂಪದ ಗರಿಷ್ಠಗಳನ್ನು ವಿವರಿಸುವ ಸಂಖ್ಯಾಶಾಸ್ತ್ರದ ಸೂತ್ರ) ಅಳತೆ ಅಂಕಿಯ ಎರಡರಷ್ಟರಿಂದ ಭಾಗಿಸಬೇಕು. ಕ್ರಮ ತಿಳಿಯಲು ಉದಾಹರಣೆ: ಏರಿಕೆ 0.57, ವಿಚಲನೆ 0.15, ಅಳತೆ ಅಂಕಿ 0.10 ಮೀಟರ್ ಎಂದಿಟ್ಟುಕೊಳ್ಳಿ. 0.0225ನ್ನು 0.20ರಿಂದ ಭಾಗಿಸಿದರೆ 0.11, ಒಟ್ಟು 0.68 ಮೀಟರ್ ಎತ್ತರಿಸಿದರೆ ಒಡ್ಡು ಉಕ್ಕುವ ಸಲಗಳು ಇಂದಿನಷ್ಟೇ ಇರುತ್ತವೆ. ಗಂಬೆಲ್ ಅಂಕಿಯನ್ನು ಕಾರವಾರದ ಉಬ್ಬರಮಾಪಕದ ತಾಸುವಾರು ದಾಖಲೆಯಿಂದ ವರ್ಷಕ್ಕೊಂದು ಗರಿಷ್ಠವನ್ನು ಹೆಕ್ಕಿ ಪಡೆಯಬೇಕು. ನಮ್ಮ ಕರಾವಳಿಯಲ್ಲಿ ಉಬ್ಬರದ ಅಂತರ ಖಂಭಾತ್ ಕೊಲ್ಲಿಯಂತೆ ದೊಡ್ಡದಲ್ಲ, ಈ ಅಂಕಿ ಚಿಕ್ಕದು. ಅದಕ್ಕೇ ಸ್ವಲ್ಪ ಏರಿಕೆಯೂ ಉಕ್ಕುವ ಸಲಗಳನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

ಉಳಿದರ್ಧ ನದಿಯದು. ಮಳೆಗಾಲದ ನೆರೆ ಮತ್ತು ಉಬ್ಬರ ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಫ್ಯಾಕ್ಟ್ಸ್ ಹೇಳದು. ಎಚ್‌ಇಸಿ-ರಾಸ್ ಅಥವಾ ಎಸ್‌ಫಿಂಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ನದಿಯ ಅಡ್ಡಕೊಯ್ತಗಳನ್ನು ಕೊಟ್ಟು, ಅಳಿವೆಯ ತುದಿಯಲ್ಲಿ ಉಬ್ಬರದ ಸರಣಿಗೆ ಕಡಲೇರಿಕೆಯನ್ನು ಸೇರಿಸಿ ಓಡಿಸಬೇಕು. ಆಗ ವರ್ಷದ ಅತಿ ದೊಡ್ಡ ಉಬ್ಬರವನ್ನು ಜುಲೈನ ನೆರೆಗೆ ಜೋಡಿಸಬೇಡಿ. ನಮ್ಮ ಕರಾವಳಿಯಲ್ಲಿ ಸರಾಸರಿ ಕಡಲಮಟ್ಟ ಮಳೆಗಾಲದಲ್ಲಿ ತಗ್ಗಿ, ಚಳಿಗಾಲದಲ್ಲಿ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಉಬ್ಬರವನ್ನು ನೆರೆಯ ಜೊತೆಗೆ ಒಮ್ಮೆ, ಡಿಸೆಂಬರ್-ಜನವರಿಯ ಉಬ್ಬರವನ್ನು ನೆರೆಯಿಲ್ಲದೆ ಇನ್ನೊಮ್ಮೆ ಓಡಿಸಿ. ಎರಡರಲ್ಲಿ ಯಾವುದು ಹೆಚ್ಚು ನೀರು ಏರಿಸುತ್ತದೋ ಅದರ ಮೇಲೆ ಅಲೆಯ ಪಾಲನ್ನು ಸೇರಿಸಿ ಒಡ್ಡಿನ ನೆತ್ತಿಯನ್ನು ನಿಗದಿ ಮಾಡಿ.